ಎಡಗಡೆಗೆ ಕಾಲಿಂಚು

ಫೆಬ್ರವರಿ ೯

ಕತ್ತರಿಗೆ,

ನಾನು ಕ್ಷೇಮವಾಗಿಲ್ಲ. ನೀನು ಕ್ಷೇಮವಾಗಿರಲಿ ಎಂದು ಹಾರೈಸುವಷ್ಟು ದೊಡ್ಡ ಮನಸ್ಸೂ ಸದ್ಯಕ್ಕೆ ನನ್ನಲ್ಲಿಲ್ಲ. ಫೋನು ಮಾಡಿದರೆ ಇಬ್ಬರೂ ಕೂಗಾಡಿ ಇಟ್ಟುಬಿಡುತ್ತೇವೆ, ಮೂರು ಸಲವೂ ಅದೇ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ. ಕಾಗದಕ್ಕೆ ಎದುರು ಮಾತಾಡಲು ಬರುವುದಿಲ್ಲ.

ನೀನು ಅಂಗಡಿ ಬಿಟ್ಟು ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಆ ಕಡೆ ನೀನು ಬಟ್ಟೆ ಕತ್ತರಿಸಿದೆ, ಈ ಕಡೆ ನಾನು ಹೊಲಿದೆ. ಹೆಂಡತಿಯ ತಮ್ಮ ತಾನೇ ಎಂದು ಒಂದು ದಿನವೂ ನಿನ್ನನ್ನು ಸಸಾರ ಮಾಡಲಿಲ್ಲ. ಅಂಥವನು ನೀನು, ಯಾರದೋ ಮಾತು ಕೇಳಿ ಕೋಟಿನ ಒಳಗೆ ಹಾಕುವ ಆ ಹಾಳು ಲೈನಿಂಗ್ ಬಟ್ಟೆಯ ಎರಡು ಸುರುಳಿ ತಂದು ನನ್ನ ತಲೆಗೆ ಕಟ್ಟಿದೆ. ಅದನ್ನು ಮುಟ್ಟಿದ ಮೇಲೆಯೇ ನನಗೆ ಈ ತುರಿಕೆ ಹಿಡಿದದ್ದು. ಅದನ್ನು ಹೇಳಿದರೆ, "ನಾನೂ ಅದೇ ಬಟ್ಟೆ ಮುಟ್ತೀನಲ್ಲ ಭಾವ, ನನಗ್ಯಾಕೆ ತುರಿಸಲ್ಲ?" ಎಂದು ನೀನು ಕೇಳಿದೆ. "ನಿನ್ನ ಚರ್ಮ ದಪ್ಪ" ಎಂದು ನಾನು ಹೇಳಿದ್ದು ನಿಜ. ಅಷ್ಟಕ್ಕೇ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಹೋಗುವುದೇ?

ಮೊದಲು ಮೊಣಕಾಲ ಕೆಳಗಿತ್ತು. ಆಮೇಲೆ ಬೆನ್ನಿಗೆ ಬಂತು. ಈಗ ಅಂಗಾಲಿನಲ್ಲೂ ಇದೆ. ಹಗಲು ಹೇಗೋ ಕಳೆಯುತ್ತದೆ, ಹಾಸಿಗೆಗೆ ಬೆನ್ನು ತಾಗಿಸಿದ ಗಳಿಗೆಯಿಂದ ಶುರು. ಕೆರೆದಷ್ಟೂ ಇನ್ನೂ ಬೇಕು ಅನ್ನುತ್ತದೆ. ವಿಚಿತ್ರವೆಂದರೆ ಚರ್ಮದ ಮೇಲೆ ಒಂದು ಗುಳ್ಳೆಯಿಲ್ಲ, ನನ್ನದೇ ಉಗುರಿನ ಗೀರು ಬಿಟ್ಟರೆ ಬೇರೆ ಗುರುತಿಲ್ಲ. ಎರಡು ಗಂಟೆ ನಿದ್ದೆ ಬಂದರೆ ಅದೇ ಹೆಚ್ಚು. ನಿನ್ನೆ ಒಂದು ಪ್ಯಾಂಟಿಗೆ ಎರಡೂ ಬಲಗಾಲನ್ನೇ ಜೋಡಿಸಿ ಹೊಲಿದಿದ್ದೇನೆ.

ಆ ಸುರುಳಿ ಎಲ್ಲಿ ತಂದೆ ಎಂದು ಬರೆದು ಕಳಿಸು. ಬಟ್ಟೆಗೆ ಏನು ಬಳಿದಿದ್ದಾರೆ ಎಂದು ಹೋಗಿ ಕೇಳಬೇಕು. ಬೇರೆ ಏನೂ ಬರೆಯಬೇಕಾಗಿಲ್ಲ. ಬರೆದರೆ ಓದದೆ ಬಿಡುವವನೂ ಅಲ್ಲ.

ನಿನ್ನ ಭಾವ

*

ಫೆಬ್ರವರಿ ೨೦

ಭಾವನವರಿಗೆ,

ನಿಮ್ಮ ಬೈಗುಳ ತಲುಪಿತು. ಎರಡು ಸಲ ಓದಿದೆ, ಊರು ಬಿಟ್ಟ ಮೇಲೆ ಇಷ್ಟು ಹೊತ್ತು ಯಾರೂ ನನ್ನ ಜೊತೆ ಮಾತಾಡಿರಲಿಲ್ಲ.

ಅಂಗಡಿಯ ವಿಳಾಸ ಹಿಂದುಗಡೆ ಬರೆದಿದ್ದೇನೆ. ಆದರೆ ಆ ಸುರುಳಿ ಬಂದದ್ದು ನವೆಂಬರಿನಲ್ಲಿ. ನೀವು ಮರದ ಸ್ಕೇಲಿನಿಂದ ಬೆನ್ನು ಕೆರೆದುಕೊಳ್ಳಲು ಶುರುಮಾಡಿದ್ದು ಅಕ್ಟೋಬರಿನಲ್ಲಿ. ನಾನು ಗೆರೆ ಹಾಕಲು ಸ್ಕೇಲು ಕೇಳಿದರೆ "ತಡಿಯೋ, ಬೆನ್ನಿಗೆ ಬೇಕು" ಅಂದಿದ್ದಿರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಮ್ಮ ಭಾವ ಲೈನಿಂಗ್ ಡೊಂಕು ಅಂದರು. ಕೋಪ ಬಂತಾ? ಬರಲಿ, ಅಷ್ಟು ಹೊತ್ತು ತುರಿಕೆ ಮರೆಯುತ್ತದೆ.

ನಾನಿಲ್ಲಿ ಸಮವಸ್ತ್ರದ ಕಾರ್ಖಾನೆಗೆ ಸೇರಿದ್ದೇನೆ. ಕತ್ತರಿ ಎಂದರೆ ಇಲ್ಲಿ ಕತ್ತರಿಯಲ್ಲ, ಕರೆಂಟಿನ ಅಲಗು. ಅರವತ್ತು ಪದರ ಬಟ್ಟೆ ಹಾಸಿ ಒಂದೇ ಏಟಿಗೆ ಕೊಯ್ಯಬೇಕು. ಅಳತೆಗಳೆಲ್ಲ ಬರೀ ನಂಬರು. ಈ ನಂಬರುಗಳಲ್ಲಿ ಯಾರ ಬೆನ್ನೂ ಬಾಗಿಲ್ಲ, ಯಾರ ಹೊಟ್ಟೆಯೂ ಮುಂದೆ ಬಂದಿಲ್ಲ. ನಮ್ಮ ಗಿರಾಕಿ ಮೇಷ್ಟ್ರು ನೆನಪಾಗುತ್ತಾರೆ. ಅವರ ಬಲಭುಜ ಎರಡು ಬೆರಳಿನಷ್ಟು ಇಳಿದಿತ್ತಲ್ಲ. ಅಳತೆ ಪುಸ್ತಕದಲ್ಲಿ ಅವರ ಭುಜದ ಅಳತೆಯ ಪಕ್ಕ ಬರೀ ಒಂದು ಚುಕ್ಕೆ ಇಟ್ಟೆ, ಅವರು ಇಣುಕಿ ನೋಡಿದರೂ ಬೇಜಾರಾಗಬಾರದು ಎಂದು. ಕೋಟಿನ ಆ ಬದಿಗೆ ನಾನು ಒಳಗೆ ಮೆತ್ತೆ ಕೊಟ್ಟೆ, ನೀವು ಹೊಲಿದಿರಿ. ಹದಿನೈದು ವರ್ಷ ಪಾಠ ಮಾಡಿದರು, ಒಬ್ಬ ವಿದ್ಯಾರ್ಥಿಗೂ ಗೊತ್ತಾಗಲಿಲ್ಲ. ಇರುವ ಊನ ಕಾಣದಂತೆ ಮಾಡುವುದೇ ನಮ್ಮ ಕಸುಬು ಎಂದು ನೀವೇ ಹೇಳಿಕೊಟ್ಟದ್ದು.

ಡಾಕ್ಟರಿಗೆ ತೋರಿಸಿ. ಸಿಟ್ಟು ನನ್ನ ಮೇಲಿರಲಿ, ಡಾಕ್ಟರ ಮೇಲೆ ಬೇಡ.

ನಿಮ್ಮ ಕತ್ತರಿ

*

ಏಪ್ರಿಲ್ ೩

ತಮ್ಮಾ,

ಇವರು ಅಂಗಿಗಳಿಗೆ ಗುಂಡಿಯ ಕಾಜಾ ಮಾಡಿಸಲು ಹೊರಗೆ ಹೋಗಿದ್ದಾರೆ. ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ನೀನು ತಂದ ಲೈನಿಂಗ್ ಬಟ್ಟೆಯನ್ನು ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಸುಟ್ಟರು. "ಇವತ್ತು ನೋಡು, ಹೆಂಗೆ ನಿದ್ದೆ ಹೊಡೀತೀನಿ" ಎಂದು ಸಂಜೆಯೆಲ್ಲ ಹೇಳುತ್ತಿದ್ದರು. ಆ ರಾತ್ರಿ ಉಳಿದ ರಾತ್ರಿಗಳಿಗಿಂತ ಹೆಚ್ಚು ತುರಿಸಿತು. ಬೆಳಿಗ್ಗೆ ಹಾಸಿಗೆ ಹೊದಿಕೆಯ ಮೇಲೆ ರಕ್ತದ ಗೀರುಗಳಿದ್ದವು.

ನಮ್ಮ ಬೀದಿಯ ಡಾಕ್ಟರು ತಲೆಯೆತ್ತಿ ನೋಡುವ ಮೊದಲೇ "ಕಜ್ಜಿ ಹುಳ, ಮನೆಮಂದಿಯೆಲ್ಲ ಹಚ್ಕೊಳ್ಳಿ" ಎಂದು ಬಾಟಲಿ ಬರೆದರು. ಮನೆಮಂದಿ ಎಂದರೆ ಇಬ್ಬರು. ಇಬ್ಬರೂ ಕೊರಳಿನಿಂದ ಪಾದದವರೆಗೆ ಬಳಿದುಕೊಂಡು, ಇದ್ದಬದ್ದ ಬಟ್ಟೆಯನ್ನೆಲ್ಲ ಕುದಿಸಿ, ಹಾಸಿಗೆಯನ್ನು ಬಿಸಿಲಿಗೆ ಹಾಕಿದೆವು. ನನಗೆ ಹುಳವೇ ಇರಲಿಲ್ಲ, ಇವರಿಗೆ ತುರಿಕೆ ಹೋಗಲಿಲ್ಲ. ಎರಡನೆಯ ಡಾಕ್ಟರು ಅಲರ್ಜಿ ಅಂದರು. ಆ ಮಾತ್ರೆ ನುಂಗಿದರೆ ಹಗಲು ತೂಕಡಿಕೆ, ರಾತ್ರಿ ಯಥಾಪ್ರಕಾರ. ಹೋದ ವಾರ ಮಷೀನಿನ ಮುಂದೆ ಕಣ್ಣು ಮುಚ್ಚಿ ಸೂಜಿ ಉಗುರನ್ನು ದಾಟಿ ಒಳಗೆ ಹೋಗಿತ್ತು. ಮೂರನೆಯವರು ವಯಸ್ಸಾದರೆ ಚರ್ಮ ಒಣಗುತ್ತದೆ, ಎಣ್ಣೆ ಹಚ್ಚಿ ಅಂದರು. ಐವತ್ತೆರಡು ಒಂದು ವಯಸ್ಸೇನೋ?

ನನ್ನನ್ನು ಹೆದರಿಸುತ್ತಿರುವುದು ತುರಿಕೆಯೊಂದೇ ಅಲ್ಲ. ಸಂಜೆಯಾದರೆ ಇವರ ಮೈ ಬೆಚ್ಚಗಿರುತ್ತದೆ. ಬೆಳಗಿನ ಜಾವ ಬನಿಯನ್ ಹಿಂಡಿದರೆ ನೀರಿಳಿಯುತ್ತದೆ. "ಸೆಕೆ ಕಣೇ" ಅನ್ನುತ್ತಾರೆ, ಪಕ್ಕದಲ್ಲಿ ನಾನು ಕಂಬಳಿ ಹೊದ್ದಿರುತ್ತೇನೆ. ಒಂದೇ ತಿಂಗಳಲ್ಲಿ ಎರಡು ಸಲ ತಮ್ಮ ಪ್ಯಾಂಟುಗಳ ಸೊಂಟ ಹಿಡಿದು ಚಿಕ್ಕದು ಮಾಡಿಕೊಂಡಿದ್ದಾರೆ. ಕೇಳಿದರೆ "ಒಗೆದು ಒಗೆದು ಬಟ್ಟೆ ಜಗ್ಗಿದೆ" ಎಂದು ಮತ್ತೆ ಮಷೀನಿಗೆ ಕೂರುತ್ತಾರೆ. ಬೇರೆಯವರಾಗಿದ್ದರೆ ಪ್ಯಾಂಟು ಜಾರಿದಾಗ ಗಾಬರಿಯಾಗುತ್ತಿದ್ದರು, ಇವರಿಗೆ ಅದು ಐದು ನಿಮಿಷದ ಕೆಲಸ.

ನಿನ್ನ ಹೆಸರು ಎತ್ತುವುದಿಲ್ಲ. ಆದರೆ ನಿನ್ನ ಸ್ಟೂಲಿನ ಮೇಲೆ ಯಾರನ್ನೂ ಕೂರಲು ಬಿಡುವುದಿಲ್ಲ. ಅಲ್ಲಿ ಇಸ್ತ್ರಿ ಪೆಟ್ಟಿಗೆ ಇಡುತ್ತಾರೆ.

ಅಕ್ಕ

*

ಮೇ ೧೮

ಕತ್ತರಿಗೆ,

ಲೈನಿಂಗ್ ಸುಟ್ಟೆ, ತುರಿಕೆ ಸುಟ್ಟುಹೋಗಲಿಲ್ಲ. ಇದನ್ನು ಕ್ಷಮಾಪಣೆ ಎಂದು ತಿಳಿಯಬೇಡ, ವರದಿ ಎಂದು ತಿಳಿ.

ಕಾರಣ ಹುಡುಕುವುದೇ ಈಗ ನನ್ನ ಕಸುಬಾಗಿದೆ. ಸೋಪು ಬದಲಾಯಿಸಿದೆ. ಅಂಗಿಗೆ ಗಂಜಿ ಹಾಕುವುದು ನಿಲ್ಲಿಸಿದೆ. ಮಷೀನಿನ ಎಣ್ಣೆ ಇರಬಹುದೆಂದು ಒಂದು ವಾರ ಅಂಗಡಿಗೇ ಹೋಗಲಿಲ್ಲ, ಮನೆಯಲ್ಲಿ ಕೂತೇ ಕೆರೆದುಕೊಂಡೆ. ಹಾಸಿಗೆಯ ಹೊಲಿಗೆ ಬಿಚ್ಚಿ ಹತ್ತಿಯನ್ನು ಹಿಡಿ ಹಿಡಿಯಾಗಿ ನೋಡಿದೆ, ಒಂದು ತಿಗಣೆ ಸಿಕ್ಕಿದ್ದರೂ ಮುದ್ದಾಡುತ್ತಿದ್ದೆ. ಛಾವಣಿಯ ಪಾರಿವಾಳಗಳನ್ನು ಓಡಿಸಿದೆ. ನಿನ್ನ ಅಕ್ಕ ಒಬ್ಬಳನ್ನು ಬಿಟ್ಟು ಮನೆಯಲ್ಲಿ ಎಲ್ಲದರ ಮೇಲೂ ಅನುಮಾನಪಟ್ಟಾಯಿತು.

ನಿನ್ನ ಜಾಗಕ್ಕೆ ಒಬ್ಬನನ್ನು ಕರೆದಿದ್ದೆ, ಮೂವತ್ತು ವರ್ಷ ಪರದೆ, ಶಾಮಿಯಾನ ಕತ್ತರಿಸಿದ ಮನುಷ್ಯ. ಪರೀಕ್ಷೆ ಮಾಡೋಣವೆಂದು ಅಳತೆ ಪುಸ್ತಕ ಕೊಟ್ಟು ನನ್ನದೇ ಒಂದು ಅಂಗಿ ಕತ್ತರಿಸಲು ಹೇಳಿದೆ. ಹೊಲಿದು ಹಾಕಿಕೊಂಡರೆ ಕಾಲರಿನ ಎಡಗಡೆ ಕೊರಳನ್ನು ಹಿಸುಕುತ್ತದೆ, ಮೇಲಿನ ಗುಂಡಿ ಕಾಜಾ ಮುಟ್ಟುವುದಿಲ್ಲ. ಸೊಂಟದಲ್ಲಿ ಮಾತ್ರ ಇನ್ನೊಬ್ಬ ಮನುಷ್ಯ ಹಿಡಿಸುತ್ತಾನೆ. ಕೊರಳು ಬಿಗಿ, ಸೊಂಟ ಸಡಿಲ. ಇಂಥವರೂ ಕತ್ತರಿ ಹಿಡಿಯುತ್ತಾರೆ! ನೀನು ಕತ್ತರಿಸಿದ ಹಳೆಯ ಅಂಗಿಗಳು ಕೊರಳಿಗೆ ಸರಿಯಾಗಿ ಒಪ್ಪುತ್ತಿದ್ದವು, ಅಷ್ಟನ್ನು ಒಪ್ಪಿಕೊಳ್ಳುತ್ತೇನೆ. ಈಚೆಗೆ ಅವೂ ಎಡಗಡೆ ಬಿಗಿಯುತ್ತಿವೆ, ಒಗೆತದಲ್ಲಿ ಕುಗ್ಗಿರಬೇಕು. ಆ ಶಾಮಿಯಾನದವನನ್ನು ಕಳಿಸಿಬಿಟ್ಟೆ.

ಬಾ ಎಂದು ಕರೆಯುತ್ತಿಲ್ಲ. ಸುಮ್ಮನೆ ತಿಳಿಸಿದೆ.

ನಿನ್ನ ಭಾವ

*

ಮೇ ೨೪

ಭಾವ,

ನಿಮ್ಮ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಿ ಅರವತ್ತು ಪದರ ಬಟ್ಟೆ ಕೆಡಿಸಿದೆ.

ಒಂದೇ ನೀರಿನಲ್ಲಿ ಒಗೆದ ಪ್ಯಾಂಟು ಜಗ್ಗಿ ಅಂಗಿ ಕುಗ್ಗುತ್ತದೆಯೇ? ನೀವು ದರ್ಜಿ, ನೀವೇ ಹೇಳಿ.

ಯಾವ ರಾಸಾಯನಿಕವೂ ಇಲ್ಲದ ಬಿಳಿ ಹತ್ತಿ ಬಟ್ಟೆ ಇಲ್ಲಿ ಸಿಕ್ಕಿದೆ. ನಿಮಗೊಂದು ಅಂಗಿ ಕತ್ತರಿಸುತ್ತೇನೆ. ಹೊಸ ಅಳತೆ ಬೇಕು, ಅಕ್ಕನೇ ತೆಗೆಯಲಿ, ನೀವು ತೆಗೆದರೆ ಉಸಿರು ಬಿಗಿಹಿಡಿದು ಎದೆ ಉಬ್ಬಿಸುತ್ತೀರಿ. ಎದೆ, ಸೊಂಟ, ಕೊರಳು. ಕೊರಳನ್ನು ಸುತ್ತಲೂ ಒಮ್ಮೆ ತೆಗೆದು, ಆಮೇಲೆ ಹಿಂದಿನ ಮೂಳೆಯಿಂದ ಮುಂದಿನ ಗುಳಿಯವರೆಗೆ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಬರೆಯಲಿ. ಕತ್ತರಿಯವನ ಹುಚ್ಚು ಎಂದುಕೊಳ್ಳಿ.

ತಡ ಮಾಡಬೇಡಿ. ಜಗಳ ಆಮೇಲೆ ಆಡೋಣ, ತಡ ಮಾತ್ರ ಮಾಡಬೇಡಿ ಭಾವ.

ಕತ್ತರಿ

*

ಜೂನ್ ೧೫

ತಮ್ಮಾ,

ಎರಡು ವಾರ ಒಪ್ಪಲಿಲ್ಲ. "ಅವನೇನು ನನಗೆ ಅಂಗಿ ದಾನ ಮಾಡೋದು?" ಎಂದು ಟೇಪನ್ನು ಕಿತ್ತು ಬಿಸಾಡಿದರು. ಕೊನೆಗೆ ಮೊನ್ನೆ ಮಧ್ಯಾಹ್ನ ಮಾತ್ರೆಯ ಮಂಪರಿನಲ್ಲಿ ಕುರ್ಚಿಯ ಮೇಲೆ ಕೂತಲ್ಲೇ ನಿದ್ದೆ ಹೋದರು. ಆಗ ತೆಗೆದೆ.

ಎದೆ ನಲವತ್ತೊಂದು ಇದ್ದದ್ದು ಮೂವತ್ತೆಂಟು. ಸೊಂಟ ಮೂವತ್ತೇಳು ಇದ್ದದ್ದು ಮೂವತ್ತಮೂರು. ಕೊರಳು ಹದಿನೈದೂವರೆ ಇದ್ದದ್ದು ಹದಿನಾರೂಕಾಲು. ಮೈಯೆಲ್ಲ ಇಳಿದಿರುವಾಗ ಕೊರಳು ಮಾತ್ರ ಏರುವುದುಂಟೇ ಎಂದು ಮೂರು ಸಲ ಟೇಪು ಹಿಡಿದೆ. ಬಲಗಡೆ ಏಳೂಮುಕ್ಕಾಲು. ಎಡಗಡೆ ಎಂಟೂವರೆ.

ಎಡಗಡೆ ಟೇಪು ಜಾರಿಸುವಾಗ ನನ್ನ ಬೆರಳು ನಿಂತಿತು. ಕೊರಳೆಲುಬಿನ ಮೇಲುಗಡೆ, ಬಟ್ಟೆ ಸುತ್ತಿದ ಕೋಟಿನ ಗುಂಡಿಯ ಹಾಗೆ ಏನೋ ಇದೆ. ಒಂದಲ್ಲ, ಪಕ್ಕದಲ್ಲಿ ಇನ್ನೂ ಎರಡು. ಒತ್ತಿದೆ, ನೋವಾಗಲಿಲ್ಲವೋ ಏನೋ, ಅವರು ಏಳಲಿಲ್ಲ.

ಎದ್ದ ಮೇಲೆ ಹೇಳಿದರೆ "ದಿನವೆಲ್ಲ ತಲೆ ಬಗ್ಗಿಸಿ ಕೂರ್ತೀನಲ್ಲ, ನರ ಹಿಡ್ಕೊಂಡಿರ್ಬೇಕು. ಶಾಲೆ ಬಟ್ಟೆ ಕೊಟ್ಟು ಮುಗಿಸ್ತೀನಿ, ಆಮೇಲೆ ನೋಡೋಣ" ಅಂದರು. ತುರಿಕೆಗೂ ಕೊರಳಿಗೂ ಏನು ಸಂಬಂಧ ಎಂದು ನನ್ನನ್ನೇ ಕೇಳಿದರು.

ಈಗ ನಾನು ನಿನ್ನನ್ನು ಕೇಳುತ್ತೇನೆ. ಎಡ ಬಲ ಬೇರೆ ಬೇರೆ ತೆಗೆಯಲು ಯಾಕೆ ಹೇಳಿದೆ? ಟೇಪು ಹಿಡಿಯುವ ಮೊದಲೇ ನಿನಗೆ ಹೇಗೆ ಗೊತ್ತಿತ್ತು? ಇದಕ್ಕೆ ಸುತ್ತಿಬಳಸಿ ಬರೆಯಬೇಡ.

ಅಕ್ಕ

*

ಜೂನ್ ೨೧

ಅಕ್ಕಾ, ಭಾವ, ಇಬ್ಬರೂ ಓದಿ.

ಇಲ್ಲಿ ಕಾರ್ಖಾನೆಯ ನರ್ಸಮ್ಮನಿಗೆ ಎಲ್ಲವನ್ನೂ ಹೇಳಿದೆ. ತುರಿಕೆ ಎಂದಾಗ ಟೀ ಕುಡಿಯುತ್ತಲೇ ಕೇಳುತ್ತಿದ್ದರು. ಗುಳ್ಳೆಯಿಲ್ಲ, ಸಂಜೆ ಜ್ವರ, ಬನಿಯನ್ ಹಿಂಡುವಷ್ಟು ಬೆವರು, ಮೈ ಇಳಿದಿದೆ, ಕೊರಳಲ್ಲಿ ಗಂಟು ಎಂದು ಹೇಳುತ್ತಾ ಹೋದಂತೆ ಲೋಟ ಕೆಳಗಿಟ್ಟರು. "ಚರ್ಮದ ಡಾಕ್ಟ್ರು ಸಾಕು. ದೊಡ್ಡಾಸ್ಪತ್ರೆಗೆ ಹೋಗ್ಲಿ, ಇದೆಲ್ಲಾನೂ ಒಟ್ಟಿಗೆ ಹೇಳ್ಲಿ, ಬಿಡಿ ಬಿಡಿಯಾಗಿ ಹೇಳ್ಬೇಡಿ" ಅಂದರು. ಭಾವ, ಶಾಲೆ ಮಕ್ಕಳು ಹಳೆ ಬಟ್ಟೆಯಲ್ಲೇ ಹೋಗಲಿ. ಈ ಕಾಗದ ಮಡಿಸಿಟ್ಟು ಹೊರಡಿ.

ಅಕ್ಕ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಿನ್ನ ಪ್ರಶ್ನೆ ಓದಿ ನನಗೆ ಹಾಗೇ ಆಯಿತು.

ನನಗೆ ಗೊತ್ತಿತ್ತು. ಹೋದ ವರ್ಷ ಜೂನಿನಲ್ಲಿ ಭಾವನ ನೀಲಿ ಅಂಗಿಗೆ ಅಳತೆ ಹಿಡಿದಾಗ ಎಡಗಡೆ ಸ್ವಲ್ಪ ತುಂಬಿಕೊಂಡಂತೆ ಕಂಡಿತು. ವಯಸ್ಸು, ಅಂದುಕೊಂಡೆ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಕನ್ನಡಿ ಮುಂದೆ ನಿಂತು ನನ್ನನ್ನೇ ಬೈಯುತ್ತಾರೆ ಅಂದುಕೊಂಡೆ. ಮೇಷ್ಟ್ರಿಗೆ ಮಾಡಿದ್ದನ್ನೇ ಮಾಡಿದೆ. ಅಳತೆ ಪುಸ್ತಕದಲ್ಲಿ ಕೊರಳಿನ ಪಕ್ಕ ಒಂದು ಚುಕ್ಕೆ ಇಟ್ಟು, ಕಾಲರಿನ ಎಡಗಡೆಗೆ ಕಾಲಿಂಚು ಹೆಚ್ಚು ಬಿಟ್ಟು ಕತ್ತರಿಸಿದೆ. ಅಕ್ಟೋಬರಿನಲ್ಲಿ ಗೆರೆಯಂಗಿಗೆ ಮತ್ತೆ ಅಳೆದಾಗ ಅದು ಅರ್ಧ ಇಂಚಾಗಿತ್ತು. ಎರಡು ಚುಕ್ಕೆ ಇಟ್ಟೆ. ಆಗಲೂ ಬಾಯಿ ಬಿಡಲಿಲ್ಲ. ಯಾರಿಗೂ ಕಾಣದಂತೆ ಕೂರಿಸಿದೆನಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟೆ, ಅದನ್ನೂ ಬರೆದುಬಿಡುತ್ತೇನೆ.

ಕೊರಳು ಆಗಲೇ ಬಿಗಿದಿದ್ದರೆ ಭಾವ ಕೈಯಿಟ್ಟು ನೋಡಿಕೊಳ್ಳುತ್ತಿದ್ದರು. ನಾನು ಬಿಗಿಯಲು ಬಿಡಲಿಲ್ಲ. ಆ ಶಾಮಿಯಾನದವನು ಕತ್ತರಿಸಿದ್ದೇ ಸರಿಯಾದ ಅಂಗಿ. ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವ ಮುಖ ನನಗಿಲ್ಲ.

ಹೊರಡುವ ಮುಂಚೆ ಬಾ ಎಂದು ಒಂದು ಮಾತು ಬರೆದರೆ ಅದೇ ದಿನ ಬರುತ್ತೇನೆ.

ಕತ್ತರಿ

*

ಆಗಸ್ಟ್ ೧೧

ಕತ್ತರಿಗೆ,

ನಿನ್ನ ಜೂನಿನ ಕಾಗದಕ್ಕೂ ಆಮೇಲೆ ಬಂದ ಮೂರಕ್ಕೂ ಉತ್ತರ ಬರೆಯಲಿಲ್ಲ. ಬರೆಯಬೇಡ, ಫೋನೂ ಎತ್ತಬೇಡ, ಅವನು ಇಲ್ಲಿಗೆ ಕಾಲಿಟ್ಟರೆ ನಾನು ಆಸ್ಪತ್ರೆಗೆ ಹೋಗುವುದಿಲ್ಲ ಎಂದು ನಿನ್ನ ಅಕ್ಕನಿಗೆ ಆಣೆ ಹಾಕಿಸಿದ್ದೆ. ಅಷ್ಟು ಸಿಟ್ಟಿತ್ತು. ಈಗ ಇಲ್ಲ, ಅಥವಾ ಸಿಟ್ಟು ಮಾಡಲು ಶಕ್ತಿಯಿಲ್ಲ.

ಕೊರಳಿನಿಂದ ಒಂದು ಗಂಟು ತೆಗೆದು ಪರೀಕ್ಷೆಗೆ ಕಳಿಸಿದರು. ಮೂರು ಹೊಲಿಗೆ ಹಾಕಿದ್ದಾರೆ, ನಾನಾಗಿದ್ದರೆ ಸಣ್ಣದಾಗಿ ಐದು ಹಾಕುತ್ತಿದ್ದೆ. ತುರಿಕೆಯ ಕಾರಣ ಸಿಕ್ಕಿತು. ಅದು ಹಾಸಿಗೆಯಲ್ಲೂ ಇರಲಿಲ್ಲ, ಸೋಪಿನಲ್ಲೂ ಇರಲಿಲ್ಲ, ನಿನ್ನ ಲೈನಿಂಗಿನಲ್ಲಂತೂ ಇರಲೇ ಇಲ್ಲ. ಮೈಯೊಳಗಿನ ಗ್ರಂಥಿಗಳಿಗೆ ಬರುವ ಕ್ಯಾನ್ಸರ್ ಅಂತೆ. ಕೆಲವರಿಗೆ ಅದು ಮೊದಲು ತುರಿಕೆಯಾಗಿಯೇ ಬಂದು ಬಾಗಿಲು ತಟ್ಟುತ್ತದಂತೆ. ಕೊರಳಿನಲ್ಲಿದೆ, ಎದೆಯೊಳಗಿದೆ, ಈಗ ಹೊಟ್ಟೆಯಲ್ಲೂ ಇದೆ.

ಡಾಕ್ಟರಮ್ಮ "ಈ ಗಂಟು ಯಾವಾಗಿನಿಂದ ಇದೆ?" ಎಂದು ಕೇಳಿದರು. ಎರಡು ತಿಂಗಳು ಎಂದು ನಿನ್ನ ಅಕ್ಕ ಹೇಳಿದಳು. ನಾನು ಚೀಲದಿಂದ ಅಳತೆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಜೂನಿನ ಚುಕ್ಕೆ ತೋರಿಸಿದೆ, ಅಕ್ಟೋಬರಿನ ಎರಡು ಚುಕ್ಕೆ ತೋರಿಸಿದೆ, ಚುಕ್ಕೆ ಎಂದರೆ ಏನೆಂದು ಹೇಳಿದೆ. ಆಕೆ ಬೆರಳು ಮಡಿಸಿ ಎಣಿಸಿದರು. ಹದಿನಾಲ್ಕು ತಿಂಗಳು. "ಔಷಧಿಗೆ ಬಗ್ಗೋ ಕಾಯಿಲೇನೇ ಇದು. ಈ ಮೊದಲನೇ ಚುಕ್ಕೆ ಹೊತ್ತಿಗೆ ಬಂದಿದ್ರೆ..." ಎಂದು ಶುರುಮಾಡಿ, ನನ್ನ ಮುಖ ನೋಡಿ, ಪುಸ್ತಕ ಮುಚ್ಚಿ ಕೈಗೆ ಕೊಟ್ಟರು. ಆಕೆಯೂ ನಿನ್ನ ಹಾಗೆಯೇ ಕಾಣದಂತೆ ಕೂರಿಸಲು ನೋಡಿದರು. ಉಳಿದ ಮಾತು ನನಗೆ ಗೊತ್ತಾಯಿತು.

ಆ ದಿನ ಮನೆಗೆ ಬಂದು ನೀಲಿ ಅಂಗಿಯ ಕಾಲರನ್ನು ಬಿಚ್ಚಿದೆ. ಎರಡು ಬದಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಎಡಗಡೆ ಕಾಲಿಂಚು ಹೆಚ್ಚಿತ್ತು. ಗೆರೆಯಂಗಿಯಲ್ಲಿ ಅರ್ಧ ಇಂಚು. ಅದನ್ನು ಹೊಲಿದವನು ಯಾರು? ಕಟ್ಟುಗಟ್ಟಲೆ ಕಾಲರು ಒಟ್ಟಿಗೆ ಹೊಲಿಯುವಾಗ ಒಂದರ ಬದಿ ಉದ್ದ ಬಂದದ್ದು ಕೈಗೆ ಗೊತ್ತಾಗಿತ್ತು ಕಣೋ. ಯಾರೋ ಗಿರಾಕಿಯ ಕೊರಳು ಡೊಂಕು, ಕತ್ತರಿ ನೋಡಿಕೊಂಡಿದ್ದಾನೆ ಎಂದು ಮಷೀನು ಓಡಿಸಿದೆ. ನನ್ನದೇ ಅಂಗಿ, ನನ್ನದೇ ಕೊರಳು. ಕತ್ತರಿಸಿದವನು ನೀನೊಬ್ಬನೇ ಎಂದು ಇಷ್ಟು ದಿನ ಬೈದುಕೊಂಡೆ, ಹೊಲಿದವನ ಹೆಸರು ಹೇಳಲಿಲ್ಲ.

ಸೋಮವಾರದೊಳಗೆ ಬಾ. ಮಂಗಳವಾರ ಔಷಧಿ ಏರಿಸಲು ಶುರುಮಾಡುತ್ತಾರೆ. ಎಷ್ಟು ಸಲ ಎಂದು ಕೇಳಿದ್ದಕ್ಕೆ "ಮೊದಲು ಎರಡು ಆಗ್ಲಿ, ನೋಡೋಣ" ಅಂದರು. ನಿನ್ನ ಕತ್ತರಿ ತಾ, ಆ ಬಿಳಿ ಹತ್ತಿ ಬಟ್ಟೆ ತಾ. ಆಸ್ಪತ್ರೆಗೆ ಹಾಕಿಕೊಂಡು ಹೋಗಲು ಒಂದು ಅಂಗಿ ಬೇಕು. ಎಡಕ್ಕೂ ಬಲಕ್ಕೂ ಒಂದೇ ಅಳತೆಗೆ ಕತ್ತರಿಸು. ಚುಕ್ಕೆ ಇಡಬೇಡ, ಕಾಲಿಂಚೂ ಬಿಡಬೇಡ. ಬಿಗಿಯುವ ಕಡೆ ಬಿಗಿಯಲಿ, ನೋಡಿದವರು ಏನಿದು ಎಂದು ಕೇಳಲಿ. ಈ ಅಂಗಿಯನ್ನು ನಾನೇ ಹೊಲಿಯುತ್ತೇನೆ. ಕೈ ನಡುಗಿದರೆ ನೀನು ಬಟ್ಟೆ ಹಿಡಿದುಕೋ.

ಸ್ಟೂಲಿನ ಮೇಲಿದ್ದ ಇಸ್ತ್ರಿ ಪೆಟ್ಟಿಗೆ ತೆಗೆದಿದ್ದೇನೆ.

ನಿನ್ನ ಭಾವ

ತಮ್ಮಾ, ಇವರು ಬರೆದು ಮುಗಿಸಿದ ಮೇಲೆ ಅಂಚಿನಲ್ಲಿ ನಾನು ಬರೆಯುತ್ತಿದ್ದೇನೆ. ಮೊನ್ನೆಯಿಂದ ತುರಿಕೆಗೆ ಹೊಸ ಮಾತ್ರೆ ಕೊಟ್ಟಿದ್ದಾರೆ. ನಿನ್ನೆ ರಾತ್ರಿ ಹತ್ತು ತಿಂಗಳಲ್ಲಿ ಮೊದಲ ಸಲ ಕೆರೆಯುವ ಸದ್ದು ನಿಂತಿತು. ಆ ನಿಶ್ಶಬ್ದಕ್ಕೆ ನನಗೆ ಎಚ್ಚರವಾಗಿ, ದೀಪ ಹಾಕಿ, ಎದೆಯ ಮೇಲೆ ಕೈಯಿಟ್ಟು ನೋಡಿದೆ. ಉಸಿರಾಡುತ್ತಿದ್ದರು. ಬೆಳಗಾಗುವವರೆಗೆ ಕೈ ತೆಗೆಯಲಿಲ್ಲ. ಸೋಮವಾರದವರೆಗೆ ಕಾಯಬೇಡ.

ಅಕ್ಕ